ವಾಸನೆಗೆ ತಾಂಬೂಲ ಕೊಡುವುದು ಹೇಗೆ?

ಬಹರೈನಿನಲ್ಲಿ ಅರಬ್ಬರ ಮನೆಗೆ ಊಟಕ್ಕೆ ಹೋದವರಿಗೆ ಯಾವಾಗ ಏಳಬೇಕು ಎಂಬ ಸಂಕಟವಿಲ್ಲ. ಮಚ್ಬೂಸ್ ಅನ್ನ ಆಯಿತು, ಹಣ್ಣಾಯಿತು, ಏಲಕ್ಕಿ ಹಾಕಿದ ಗಹ್ವಾ ಕಾಫಿ ಎರಡು ಸುತ್ತು ಬಂತು. ಆಮೇಲೆ ಮನೆಯ ಹುಡುಗ ಒಳಗಿಂದ ಧೂಪದಾನಿ ಹಿಡಿದುಕೊಂಡು ಬರುತ್ತಾನೆ. ಕೆಂಡದ ಮೇಲೆ ಊದಿನ ಚೆಕ್ಕೆ. ಒಬ್ಬೊಬ್ಬರೂ ಹೊಗೆಯನ್ನು ಅಂಗೈಯಿಂದ ಎದೆಗೆ, ಗಡ್ಡಕ್ಕೆ, ತಲೆವಸ್ತ್ರದೊಳಕ್ಕೆ ಎಳೆದುಕೊಂಡು ಪಕ್ಕದವರಿಗೆ ದಾಟಿಸುತ್ತಾರೆ. ಊದು ಬಂದ ಮೇಲೆ ಕೂರುವಂತಿಲ್ಲ ಎಂದು ಕೊಲ್ಲಿಯ ಕಡೆ ಗಾದೆಯೇ ಇದೆ. ನಮ್ಮಲ್ಲೂ ತಾಂಬೂಲ ಕೈಗೆ ಬಂದರೆ ಚಪ್ಪಲಿ ಹುಡುಕಿಕೊಳ್ಳಬೇಕು ಎಂದೇ ಅರ್ಥ. ಆದರೆ ನಮ್ಮವರು ತಾಂಬೂಲ ಹಿಡಿದುಕೊಂಡೇ ಹೊಸ್ತಿಲಲ್ಲಿ ಮುಕ್ಕಾಲು ಗಂಟೆ ನಿಂತು, ಊಟದ ಹೊತ್ತಿಗೆ ನೆನಪಾಗದ ಮಾತನ್ನೆಲ್ಲ ಆಡಿ ಮುಗಿಸುತ್ತಾರೆ. ಈ ವಿಷಯದಲ್ಲಿ ಅರಬ್ಬರ ಏರ್ಪಾಡು ಹೆಚ್ಚು ಖಚಿತ.

ಇದರಲ್ಲೊಂದು ತಮಾಷೆಯಿದೆ. ನೆಂಟ ಹೋಗುತ್ತಾನೆ, ಊದು ಹೋಗುವುದಿಲ್ಲ. ಅವನ ಅಂಗಿ ಹತ್ತಿ ಕಾರಿಗೆ, ಕಾರಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಹಾಸಿಗೆಗೆ ಬರುತ್ತದೆ. ಎರಡು ಒಗೆತ ಕಂಡ ಮೇಲೂ ಬೀರು ತೆರೆದರೆ 'ಹೇಗಿದ್ದೀರಿ' ಎನ್ನುತ್ತದೆ. ನೆಂಟರನ್ನು ಕಳಿಸಲು ವಾಸನೆಯನ್ನು ಹಚ್ಚುವ ಊರಿನಲ್ಲಿ ವಾಸನೆಯನ್ನೇ ಕಳಿಸಬೇಕೆಂದರೆ ಏನನ್ನು ಹಚ್ಚಬೇಕು? ಇದು ನನ್ನ ಕುಹಕದ ಪ್ರಶ್ನೆ ಎಂದುಕೊಂಡಿದ್ದೆ. ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ಬುದ್ಧಿವಂತರು ಇದೇ ಪ್ರಶ್ನೆ ಹಿಡಿದುಕೊಂಡು ಕೂದಲು ಉದುರಿಸಿಕೊಳ್ಳುತ್ತಿದ್ದಾರೆ ಎಂದು ತಿಳಿಸಿದವನು ನನ್ನ ಅಕ್ಕನ ಮಗ.

ಅವನು ಬೆಂಗಳೂರಿನಲ್ಲಿ ಓದುವ ಹುಡುಗ. ರಜೆಗೆ ಬಹರೈನಿನ ನಮ್ಮ ಮನೆಗೆ ವಿಸಿಟ್ ವೀಸಾದಲ್ಲಿ ಬಂದವನ ಚೀಲದಲ್ಲಿ ಅಕ್ಕ ಕಳಿಸಿದ ಹಲಸಿನ ಹಪ್ಪಳದ ಜೊತೆ ಒಂದು ವರ್ಚುವಲ್ ರಿಯಾಲಿಟಿ (ವಿಆರ್) ಕನ್ನಡಕವೂ ಇತ್ತು. ಕನ್ನಡಕವೆಂದರೆ ಕನ್ನಡಕವಲ್ಲ, ಮುಖಕ್ಕೆ ಕಟ್ಟುವ ಡಬ್ಬಿ. ಅದನ್ನು ನನಗೆ ಕಟ್ಟಿ ಹಿಮಾಲಯದ ತುದಿಯಲ್ಲಿ ನಿಲ್ಲಿಸಿದ. ಕಾಲ ಕೆಳಗೆ ಪ್ರಪಾತ, ಕಿವಿಯಲ್ಲಿ ಗಾಳಿಯ ಸುಂಯ್. ಮೂಗಿಗೆ ಮಾತ್ರ ನಮ್ಮ ಅಡುಗೆಮನೆಯ ಸಾಸಿವೆ-ಕರಿಬೇವಿನ ಒಗ್ಗರಣೆ. ಎವರೆಸ್ಟಿನ ಮೇಲೆ ಯಾರೋ ತೊವ್ವೆ ಮಾಡುತ್ತಿದ್ದರು.

"ನೋಡಿ ಮಾವ, ಇದಕ್ಕೆ ಮೂಗೊಂದಿಲ್ಲ. ನನ್ನ ಪ್ರಾಜೆಕ್ಟೇ ಅದು," ಎಂದ ಅವನು.

ವಾಸನೆ ಮನುಷ್ಯನ ನಡವಳಿಕೆಯನ್ನು ಹೇಗೆ ತಿರುಗಿಸುತ್ತದೆ ಎಂದು ತಿಳಿಯಲು ವಿಆರ್ ಯಾಕೆ ಬೇಕು ಎಂಬುದು ಅವನು ಹೇಳಿದ ಮೇಲೆ ನನಗೂ ಹೊಳೆಯಿತು. ಮನಾಮದ ಹಳೆ ಪೇಟೆ ಸೂಕ್‌ನಲ್ಲಿ ಬಾಬ್ ಅಲ್ ಬಹರೈನ್ ಕಮಾನು ದಾಟಿ ಒಳಗೆ ಹೋದವನೊಬ್ಬ ಕೇಸರಿಯ ಅಂಗಡಿಯ ಮುಂದೆ ನಿಂತ ಎನ್ನಿ. ಕೇಸರಿಯ ಪರಿಮಳಕ್ಕೆ ನಿಂತನೋ, ಎಸಿ ಗಾಳಿಗೆ ನಿಂತನೋ, ಸಾಲ ಕೊಟ್ಟವನು ಎದುರಿಂದ ಬಂದನೆಂದು ಅಡಗಿ ನಿಂತನೋ? ಹೇಳಲು ಬರುವುದಿಲ್ಲ. ವಿಆರ್‌ನಲ್ಲಾದರೆ ಎಲ್ಲರಿಗೂ ಅದೇ ಓಣಿ, ಅದೇ ಬೆಳಕು, ಅದೇ ಅಂಗಡಿಯವನು. ಒಂದು ಸಲ ವಾಸನೆ ಇರುತ್ತದೆ, ಇನ್ನೊಂದು ಸಲ ಇರುವುದಿಲ್ಲ. ತಲೆ ಎತ್ತ ತಿರುಗಿತು, ಕಾಲು ಎಲ್ಲಿ ನಿಂತಿತು, ಕೈ ಎಷ್ಟು ಹೊತ್ತಿಗೆ ಮುಂದೆ ಬಂತು ಎಂದು ಕಣ್ಣಿಗೆ ಕಟ್ಟಿದ ಡಬ್ಬಿಯೇ ಲೆಕ್ಕ ಇಡುತ್ತದೆ. ಅಡುಗೆ ಗ್ಯಾಸ್ ಸೋರಿದರೆ ಜನ ಏನು ಮಾಡುತ್ತಾರೆಂದು ನೋಡಬೇಕಾದರೆ ಯಾರ ಮನೆಯನ್ನೂ ಹಾರಿಸಬೇಕಾಗಿಲ್ಲ.

ಆದರೆ ಕಣ್ಣಿಗೆ ಮೋಸ ಮಾಡಿದಷ್ಟು ಸುಲಭವಾಗಿ ಮೂಗಿಗೆ ಮೋಸ ಮಾಡಲಾಗುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರೇ ಬಗೆ. ಹಾಗಾಗಿ ಟೀವಿಯವರು ಕೆಂಪು, ಹಸಿರು, ನೀಲಿ ಬೆರೆಸಿ ಇಡೀ ಜಗತ್ತನ್ನು ತೋರಿಸಿಬಿಡುತ್ತಾರೆ. ಮೂಗಿನಲ್ಲಿರುವ ಗ್ರಾಹಕಗಳು ಸುಮಾರು 400 ಬಗೆ. ಆ ವಂಶವಾಹಿಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮೂರು ಶೀಶೆ ಬೆರೆಸಿ ಬಂಗುಡೆ ಗಸಿಯ ಪರಿಮಳ ಹುಟ್ಟಿಸುವ ವಿದ್ಯೆಗೆ ಮಾತ್ರ ಇನ್ನೂ ಯಾರಿಗೂ ಏನೂ ಬಂದಿಲ್ಲ. ಬೇಕಾದ ಪ್ರತಿ ವಾಸನೆಗೂ ಬೇರೆ ಬೇರೆ ಶೀಶೆಯನ್ನೇ ಇಡಬೇಕು.

ಪ್ರಯತ್ನಪಟ್ಟವರು ಕಡಿಮೆಯಿಲ್ಲ. 1959ರ ಕೊನೆಗೆ ನ್ಯೂಯಾರ್ಕಿನಲ್ಲಿ ಚೀನಾ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸುವಾಗ ಥಿಯೇಟರಿನ ಎಸಿ ಕೊಳವೆಗಳಿಂದ ಮೂವತ್ತು ಬಗೆಯ ವಾಸನೆ ಬಿಟ್ಟರು. ಮರುವರ್ಷ ಇನ್ನೊಬ್ಬ ನಿರ್ಮಾಪಕ ಪ್ರತಿ ಸೀಟಿಗೂ ಕೊಳವೆ ಎಳೆದು, ವಾಸನೆಯಿಂದಲೇ ಕೊಲೆಯ ಸುಳಿವು ಸಿಗುವ ಚಿತ್ರ ತೆಗೆದ. ವಾಸನೆ ತಲುಪುವ ಹೊತ್ತಿಗೆ ದೃಶ್ಯ ಮುಂದೆ ಹೋಗಿರುತ್ತಿತ್ತು, ಬಂದ ವಾಸನೆ ಹೋಗುವ ಮೊದಲೇ ಮುಂದಿನದು ಬರುತ್ತಿತ್ತು, ಮೂಗು ಎಳೆಯುವ ಸದ್ದಿಗೆ ಸಂಭಾಷಣೆ ಕೇಳುತ್ತಿರಲಿಲ್ಲ. 1962ರಲ್ಲಿ ಮಾರ್ಟನ್ ಹೈಲಿಗ್ ಎಂಬಾತ ಸೆನ್ಸೋರಾಮ ಎಂಬ ಪೆಟ್ಟಿಗೆಗೆ ಪೇಟೆಂಟ್ ಪಡೆದ. ತಲೆ ತೂರಿಸಿ ಕೂತರೆ ಬ್ರೂಕ್ಲಿನ್ ಬೀದಿಗಳಲ್ಲಿ ಮೋಟಾರ್‌ಸೈಕಲ್ ಸವಾರಿ, ಮುಖಕ್ಕೆ ಗಾಳಿ, ಸೀಟಿಗೆ ನಡುಕ, ಮೂಗಿಗೆ ಬೀದಿಯ ವಾಸನೆ. ಈಗಿನ ವಿಆರ್‌ನ ಮುತ್ತಜ್ಜ ಎನ್ನಬಹುದು. ದುಡ್ಡು ಹಾಕುವವರು ಸಿಗದೆ ಪೆಟ್ಟಿಗೆ ಮೂಲೆ ಸೇರಿತು. ಅಂದರೆ ವಾಸನೆಯನ್ನು ಕರೆಸಿಕೊಳ್ಳುವ ದಾರಿ ಅರವತ್ತು ವರ್ಷದ ಹಿಂದೆಯೇ ಗೊತ್ತಿತ್ತು, ಕೈಗೆ ತಾಂಬೂಲ ಕೊಟ್ಟು ಕಳಿಸುವ ದಾರಿ ಗೊತ್ತಿರಲಿಲ್ಲ.

ಈಗಿನವರ ಜಾಣತನವೆಲ್ಲ ಇಲ್ಲೇ ಖರ್ಚಾಗುತ್ತಿದೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ಮಾಲ್ಮೋ ವಿಶ್ವವಿದ್ಯಾಲಯಗಳವರು 2022ರಲ್ಲಿ ಒಂದು ಆಟ ಮಾಡಿದರು. ವಿಆರ್‌ನಲ್ಲಿ ದ್ರಾಕ್ಷಾರಸದ ನೆಲಮಾಳಿಗೆ. ಕೈಯಲ್ಲಿ ಹಿಡಿದ ನಿಯಂತ್ರಕಕ್ಕೆ ಪುಟ್ಟ ಯಂತ್ರ ಜೋಡಿಸಿದೆ. ಕಾಣುವ ಲೋಟವನ್ನು ಮೂಗಿನ ಹತ್ತಿರ ತಂದರೆ ಕವಾಟ ತೆರೆದು ಪರಿಮಳ ಬರುತ್ತದೆ, ದೂರ ಹಿಡಿದರೆ ನಿಲ್ಲುತ್ತದೆ. ಅದರ ನಕಾಶೆಯನ್ನು ಬೇಕಾದವರು ತ್ರೀಡಿ ಪ್ರಿಂಟ್ ಮಾಡಿಕೊಳ್ಳಲಿ ಎಂದು ಬಿಟ್ಟೂ ಕೊಟ್ಟಿದ್ದಾರೆ. ಹಾಂಗ್‌ಕಾಂಗಿನ ಸಿಟಿ ಯೂನಿವರ್ಸಿಟಿಯವರು 2023ರಲ್ಲಿ ಪರಿಮಳ ಬೆರೆಸಿದ ಮೇಣವನ್ನು ಮೂಗಿನ ಕೆಳಗೆ ಅಂಟಿಸಿದರು. ಮೇಣ ಬಿಸಿಯಾದರೆ ವಾಸನೆ ಹೊರಡುತ್ತದೆ. ಅಷ್ಟಕ್ಕೆ ಬಹರೈನಿನ ಯಾವ ಅಜ್ಜಿಯೂ ಬೆರಗಾಗಲಾರಳು, ಕೆಂಡದ ಮೇಲೆ ಬಖೂರು ಧೂಪ ಇಡುವುದೂ ಅದೇ ತಾನೆ? ಅಜ್ಜಿ ಬೆರಗಾಗಬೇಕಾದದ್ದು ಅವರು ಮೇಣವನ್ನು ತಕ್ಷಣ ತಣಿಸುವ ಏರ್ಪಾಡು ಮಾಡಿದ್ದಕ್ಕೆ. ಹೋಗು ಎಂದರೆ ಹೋಗುವ ಬಖೂರನ್ನು ಅವಳು ಕಂಡಿಲ್ಲ. ಕಂಡರೂ ದುಡ್ಡು ಕೊಟ್ಟು ಕೊಳ್ಳುವವಳಲ್ಲ. ಇಲ್ಲಿ ಊದಿನ ಬೆಲೆ ನಿಗದಿಯಾಗುವುದೇ ಅದು ಎಷ್ಟು ಹೊತ್ತು ಹೋಗುವುದಿಲ್ಲ ಎಂಬುದರ ಮೇಲೆ.

ಅಳಿಯನನ್ನು ಸೂಕ್‌ನ ಅತ್ತರ್ ಅಂಗಡಿಗೆ ಕರೆದೊಯ್ದೆ, ಸಂಶೋಧನೆಗೆ ನನ್ನದೂ ಒಂದು ಕೊಡುಗೆ ಇರಲಿ ಎಂದು. ಅಂಗಡಿಯವನು ನಾಲ್ಕೈದು ಅತ್ತರನ್ನು ಅವನ ಮಣಿಕಟ್ಟಿನಿಂದ ಮೊಣಕೈಯವರೆಗೆ ಸಾಲಾಗಿ ಹಚ್ಚಿ, ನಡುವೆ ಮೂಗು 'ತೊಳೆದುಕೊಳ್ಳಲು' ಕಾಫಿ ಬೀಜದ ಬಟ್ಟಲು ಕೊಟ್ಟ. ಚಿಕ್ಕಮಗಳೂರಿನ ಕಡೆ ನೆಂಟಸ್ತಿಕೆ ಇರುವ ನಾನು ಅದನ್ನು ನೋಡಿ ಸ್ವಲ್ಪ ಬೀಗಿದೆ. ಕಾಫಿ ಬೀಜ ಮೂಸಿದ್ದಕ್ಕೂ ಬರಿ ಗಾಳಿ ಮೂಸಿದ್ದಕ್ಕೂ ಏನೂ ವ್ಯತ್ಯಾಸವಿಲ್ಲವೆಂದು 2011ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಅಳಿಯ ಅದನ್ನು ಅಲ್ಲೇ ಹೇಳಿದ. ಅಂಗಡಿಯವನಿಗೆ ಕನ್ನಡ ಬಾರದ್ದು ಒಳ್ಳೆಯದಾಯಿತು.

ಕೊನೆಗೆ ಅಂಗಡಿಯವನು ಗಾಜಿನ ಕಪಾಟಿನ ಬೀಗ ತೆಗೆದು, ಬೆರಳುದ್ದದ ಶೀಶೆಯೊಂದನ್ನು ದೇವರ ತೀರ್ಥದ ಹಾಗೆ ಎತ್ತಿದ. 'ಊದ್ ಹಿಂದಿ.' ಭಾರತದ ಊದು, ಎಲ್ಲಕ್ಕಿಂತ ದುಬಾರಿ ಸಾಲಿನದು. ಅಸ್ಸಾಂ ಕಡೆಯ ಅಗರ್ ಮರಕ್ಕೆ ಗಾಯವಾಗಿ, ಗಾಯಕ್ಕೆ ಬೂಷ್ಟು ಹಿಡಿದು, ಅದನ್ನು ತಡೆಯಲು ಮರ ಒಸರಿಸುವ ಕಪ್ಪು ರಾಳವೇ ಊದು. ನಮ್ಮ ಮಲೆನಾಡಿನ ಅಡಿಕೆ ತೋಟಗಳ ನಡುವೆಯೂ ಈಚೆಗೆ ಕೆಲವರು ಈ ಗಿಡ ನೆಟ್ಟು, ಅದಕ್ಕೆ ರೋಗ ಬರಲಿ ಎಂದು ಕಾದು ಕೂತಿದ್ದಾರೆ. ಅಡಿಕೆಗೆ ಕೊಳೆರೋಗ ಬಂದರೆ ಅಳುವವರೇ ಇವರು. ಇರಲಿ. ಆ ಶೀಶೆಯ ಒಂದು ಹನಿ ಮುಂಗೈಗೆ ಬಿದ್ದದ್ದೇ ನಾನು ದಂಗಾದೆ. ಅದು ಅಪ್ಪಟ ಹಟ್ಟಿಯ ವಾಸನೆ. ಮಳೆಗಾಲದಲ್ಲಿ ಸೊಪ್ಪು ಹಾಸಿದ ನಮ್ಮೂರ ದನದ ಹಟ್ಟಿ, ಸಗಣಿ, ಒದ್ದೆ ಹುಲ್ಲು, ಕರುವಿನ ಮೈ. ಆಮೇಲೆ ನಿಧಾನಕ್ಕೆ ಅದರೊಳಗಿಂದ ಚಂದನದಂಥ ಏನೋ ಒಂದು. ಒಳ್ಳೆಯ ಊದ್ ಹಿಂದಿಗೆ ಈ ಹಟ್ಟಿಯ ಗುಣ ಇರಲೇಬೇಕು ಎಂದು ಬಲ್ಲವರು ಹೇಳುತ್ತಾರೆ. ಶಾಲೆಗೆ ಹೋಗುವಾಗ ಈ ವಾಸನೆ ಅಂಗಿಗೆ ಅಂಟಬಾರದೆಂದು ನಾವು ಮಾಡದ ಉಪಾಯವಿರಲಿಲ್ಲ. ಇಲ್ಲಿ ಅದಕ್ಕೆ ದಿನಾರು ಲೆಕ್ಕದಲ್ಲಿ ದುಡ್ಡು.

ವಾಸನೆ ನಮ್ಮ ನಡವಳಿಕೆಯನ್ನು ಬದಲಿಸುತ್ತದೆ ಎನ್ನುವುದಕ್ಕೆ ಹಳೆಯ ಪ್ರಯೋಗಗಳು ಬೇಕಾದಷ್ಟಿವೆ. ಅವುಗಳಲ್ಲಿ ಅಳಿಯ ಹೇಳಿದ ಎರಡು ನನಗೆ ಹಿಡಿಸಿದವು. ಹಾಲೆಂಡಿನಲ್ಲಿ ರಾಬ್ ಹಾಲೆಂಡ್ ಎಂಬ ಹೆಸರಿನವರೇ 2005ರಲ್ಲಿ ಮಾಡಿದ್ದು ಒಂದು: ಕೋಣೆಯಲ್ಲಿ ಕಾಣದ ಹಾಗೆ ನಿಂಬೆ ವಾಸನೆಯ ನೆಲ ಒರೆಸುವ ದ್ರಾವಣದ ಬಕೆಟ್ ಇಟ್ಟು, ಪುಡಿ ಉದುರುವ ಬಿಸ್ಕತ್ತು ತಿನ್ನಲು ಕೊಟ್ಟರು. ವಾಸನೆ ಇದ್ದಾಗ ಜನ ಮೇಜಿನ ಮೇಲಿನ ಪುಡಿಯನ್ನು ಹೆಚ್ಚು ಸಲ ಒರೆಸಿದರು, ಯಾಕೆ ಒರೆಸಿದೆವೆಂದು ಅವರಿಗೇ ಗೊತ್ತಿಲ್ಲದೆ. ನನ್ನ ಹೆಂಡತಿ ಇದನ್ನು ಕೇಳಿ ಮರುದಿನವೇ ಡೆಟ್ಟಾಲ್ ಹಾಕಿ ಹಾಲ್ ಒರೆಸಿ ನನ್ನನ್ನೂ ಪೇಪರನ್ನೂ ಅಲ್ಲಿ ಕೂರಿಸಿದಳು. ಫಲಿತಾಂಶ ಪ್ರಕಟಿಸುವಷ್ಟು ದೊಡ್ಡದಾಗಿರಲಿಲ್ಲ. ಎರಡನೆಯದು ಅಮೆರಿಕದ ಮಾಲ್‌ನದು. ರಾಬರ್ಟ್ ಬ್ಯಾರನ್ ಎಂಬವರು 1997ರಲ್ಲಿ ಪ್ರಕಟಿಸಿದ್ದು. ಬಿಸ್ಕತ್ತು ಬೇಯುವ, ಕಾಫಿ ಹುರಿಯುವ ಪರಿಮಳದ ಕಡೆ ನಿಂತು ಪೆನ್ನು ಬೀಳಿಸಿದರೆ, ಡಾಲರಿಗೆ ಚಿಲ್ಲರೆ ಕೇಳಿದರೆ, ಬೇರೆ ಕಡೆಗಿಂತ ಹೆಚ್ಚು ಜನ ನೆರವಾದರು. ಬೆಳಿಗ್ಗೆ ಖುಬೂಸ್ ರೊಟ್ಟಿ ಸುಡುವ ಬೇಕರಿಯ ಮುಂದೆ ಸರತಿಯಲ್ಲಿ ನಿಂತವರು ಒಬ್ಬರಿಗೊಬ್ಬರು ಎಷ್ಟು ಒಳ್ಳೆಯವರಾಗಿರುತ್ತಾರೆ ಎಂದು ನೆನೆದರೆ ನಂಬಬಹುದು ಅನ್ನಿಸುತ್ತದೆ. ಅದೇ ಜನ ಹತ್ತು ನಿಮಿಷದ ನಂತರ ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುವುದನ್ನು ಕಂಡರೆ ಪರಿಮಳದ ವ್ಯಾಪ್ತಿ ಎಷ್ಟೆಂಬುದೂ ತಿಳಿಯುತ್ತದೆ.

ನಗುವಂತಿಲ್ಲದ ಒಂದು ಸಂಗತಿಯೂ ಇದೆ. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ರಿಝೊ ಅವರ ತಂಡ, ಇರಾಕ್ ಯುದ್ಧದಿಂದ ಮನಸ್ಸು ಮುರಿದುಕೊಂಡು ಬಂದ ಸೈನಿಕರಿಗೆ ವಿಆರ್‌ನಲ್ಲಿ ಅದೇ ಬೀದಿಗಳನ್ನು ಕಟ್ಟಿ, ಚಿಕಿತ್ಸಕರ ಕೈಹಿಡಿದು ಮತ್ತೆ ಅಲ್ಲಿ ನಡೆಸುವ ಚಿಕಿತ್ಸೆ ರೂಪಿಸಿತು. ಜೊತೆಗೆ ವಾಸನೆಯ ಯಂತ್ರ: ಸುಟ್ಟ ರಬ್ಬರ್, ಡೀಸೆಲ್, ಸಿಡಿಮದ್ದು, ಬೆವರು. ಆ ಪಟ್ಟಿಯಲ್ಲೇ ಅಡುಗೆ ಮಸಾಲೆಯೂ ಇದೆ. ಅಮೆರಿಕದ ಐದನೇ ನೌಕಾದಳದ ಠಾಣ್ಯ ಇರುವುದು ಇಲ್ಲಿಯ ಜುಫೈರಿನಲ್ಲಿ. ಅದರ ಆಚೀಚಿನ ಬೀದಿಗಳಲ್ಲಿ ಸಂಜೆ ಏಲಕ್ಕಿ, ಜೀರಿಗೆ, ಒಣನಿಂಬೆ ಹಾಕಿ ಕುದಿಸುವ ವಾಸನೆ ಬರುತ್ತದೆ. ನನಗೆ ಅದು ಹಸಿವು. ಅದೇ ಫುಟ್‌ಪಾತಿನಲ್ಲಿ ಎದುರಿಂದ ಬರುವ, ಒಮ್ಮೆ ಬಸ್ರಾದಲ್ಲೋ ಬಾಗ್ದಾದಿನಲ್ಲೋ ಇದ್ದುಬಂದ ಯಾರಿಗಾದರೂ ಅದು ಇನ್ನೇನೋ ಇರಬಹುದು. ಮಿಕ್ಕ ಇಂದ್ರಿಯಗಳ ಸುದ್ದಿ ಮಿದುಳಿನ ನಡುಮನೆ ದಾಟಿಯೇ ಮೇಲಕ್ಕೆ ಹೋಗುತ್ತದೆ. ವಾಸನೆಯ ಸುದ್ದಿ ಮಾತ್ರ ಅಲ್ಲಿ ಕೇಳದೆ ಸೀದಾ ಭಯ ಮತ್ತು ನೆನಪಿನ ಕೋಣೆಗೆ ನುಗ್ಗುತ್ತದೆ. ಅಂಥ ನೆಂಟನನ್ನು ಹೊರಗೆ ಕಳಿಸುವುದಕ್ಕೆ ಅವನನ್ನು ಮತ್ತೆ ಮತ್ತೆ ಒಳಗೆ ಕರೆದು ಕೂರಿಸುವುದೇ ಮದ್ದು ಎನ್ನುತ್ತದೆ ಆ ಚಿಕಿತ್ಸೆ. ತರ್ಕ ವಿಚಿತ್ರ, ಆದರೆ ನನಗೆ ಒಪ್ಪಿಗೆಯಾಗುತ್ತದೆ.

ಅಳಿಯ ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕೆನಡಾದ ಕ್ವಿಬೆಕ್‌ನ ಅಡುಗೆಮನೆ. 2017ರಲ್ಲಿ ಆಲಿವಿಯರ್ ಬಾಸ್ ಮತ್ತು ಸ್ಟೆಫಾನ್ ಬುಶಾರ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ. ವಿಆರ್‌ನಲ್ಲಿ ಒಂದು ಅಡುಗೆಮನೆ ಕಟ್ಟಿದರು. ಒಂದು ಗುಂಪಿಗೆ ಯಾವ ವಾಸನೆಯೂ ಇಲ್ಲ. ಇನ್ನೊಂದಕ್ಕೆ ಆಗತಾನೆ ಬೆಂದ ಸೇಬಿನ ಕಡುಬಿನ ಘಮ. ಮೂರನೆಯದಕ್ಕೆ, ಕ್ಷಮಿಸಿ, ಮೂತ್ರದ ನಾತ. ಆಮೇಲೆ 'ನಿಜವಾಗಿ ಅಲ್ಲೇ ಇದ್ದೆ ಅನ್ನಿಸಿತೆ?' ಎಂದು ಕೇಳಿದರು. ಸೇಬಿನ ಘಮದಿಂದ ಹೇಳಿಕೊಳ್ಳುವ ಪ್ರಯೋಜನವಾಗಲಿಲ್ಲ. ನಾತ ಬಡಿದವರಿಗೆ ಮಾತ್ರ ಅಡುಗೆಮನೆ ಹೆಚ್ಚು ನಿಜ ಅನ್ನಿಸಿತ್ತು. ಒಂದೇ ಪ್ರಯೋಗ, ಅರವತ್ತು ಜನರ ಮೇಲೆ ಮಾಡಿದ್ದು. ಅದರಿಂದ ಲೋಕನಿಯಮ ಕಟ್ಟಬಾರದು ಎಂದು ಅಳಿಯ ಎಚ್ಚರಿಸಿದ. ನಾನು ಪ್ರಬಂಧ ಬರೆಯುವವನು, ನನಗೆ ಅರವತ್ತು ಜನ ಧಾರಾಳವಾಯಿತು. ಒಳ್ಳೆಯ ಪರಿಮಳವನ್ನು ಯಾರು ಬೇಕಾದರೂ ಸಿಂಪಡಿಸಬಹುದು, ಆದ್ದರಿಂದ ನಾವು ಅದನ್ನು ನಂಬುವುದಿಲ್ಲ. ಮಾಲ್‌ನವರು, ಮದುವೆ ಹಾಲ್‌ನವರು, ವಿಮಾನದವರು ಅದನ್ನೇ ಮಾಡುತ್ತಾರೆ. ನಾತವನ್ನು ಯಾರೂ ಬೇಕೆಂದು ತಂದಿಡುವುದಿಲ್ಲ. ಹಾಗಾಗಿ ಅದು ಬಂದರೆ, ಜಾಗ ನಿಜವೇ ಇರಬೇಕು.

ಹೀಗೆ ನೋಡಿದರೆ ನಮ್ಮ ಕಟ್ಟಡ ಬಹಳ ನಿಜವಾದ ಜಾಗ. ಊರಿಂದ ಬರುವ ಕರಾವಳಿಯವರ ಸೂಟ್‌ಕೇಸಿನಲ್ಲಿ, ಎಷ್ಟೇ ಪ್ಲಾಸ್ಟಿಕ್ ಸುತ್ತಿದರೂ, ಮೇಲಿನ ಪದರ ಶಂಕರಪುರ ಮಲ್ಲಿಗೆ, ಕೆಳಗಿನದು ಒಣ ಸಿಗಡಿ. ಮಲ್ಲಿಗೆ ಸಂಜೆಗೆ ಬಾಡುತ್ತದೆ. ಸಿಗಡಿ ಹಬ್ಬದ ಸೀರೆಗಳಲ್ಲಿ ಮುಂದಿನ ರಜೆಯವರೆಗೂ ಇರುತ್ತದೆ. ಅದನ್ನು ಹುರಿಯುವ ದಿನ ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಕಳ್ಳಭಟ್ಟಿ ಇಳಿಸುವವರ ಹಾಗೆ ಕೆಲಸ ಮಾಡುತ್ತೇವೆ. ಎಕ್ಸಾಸ್ಟ್ ಫ್ಯಾನ್ ಅದನ್ನು ಶ್ರದ್ಧೆಯಿಂದ ಎದುರು ಮನೆಯ ಕಿಟಕಿಗೆ ತಲುಪಿಸುತ್ತದೆ.

ಎದುರು ಮನೆಯವರು ಮುಹರಕ್ ಕಡೆಯ ಬಹರೈನಿಗಳು. ಹಿಂದೆ ಮುತ್ತಿನ ದೋಣಿಗಳು ಹೊರಡುತ್ತಿದ್ದ ಊರು ಅದು. ಸಿಗಡಿಯ ನಾತಕ್ಕೆ ದೂರು ಬರುತ್ತದೆಂದು ನಾವು ವರ್ಷಗಟ್ಟಲೆ ಹೆದರಿಕೊಂಡಿದ್ದೆವು. ಒಂದು ಶುಕ್ರವಾರ ಆ ಮನೆಯ ಅಮ್ಮ ಬಿಸಿ ಖುಬೂಸ್ ಮೇಲೆ ಕಂದು ಬಣ್ಣದ ಏನನ್ನೋ ಹಚ್ಚಿ ತಟ್ಟೆಯಲ್ಲಿ ಕಳಿಸಿದರು. ತಟ್ಟೆ ಬರುವ ಮೊದಲೇ ವಾಸನೆ ಬಂದಿತ್ತು. ಅದು ಮಹ್ಯಾವಾ. ಪುಟ್ಟ ಮೀನನ್ನು ಉಪ್ಪು, ಸಾಸಿವೆ, ಕೊತ್ತಂಬರಿಬೀಜದ ಜೊತೆ ದಿನಗಟ್ಟಲೆ ಬಿಸಿಲಿಗಿಟ್ಟು ಹುಳಿ ಬರಿಸಿದ ರಸ. ಅದರ ಮುಂದೆ ನಮ್ಮ ಸಿಗಡಿ ಏನೇನೂ ಅಲ್ಲ. ಅವರೂ ಇಷ್ಟು ದಿನ ಬಾಗಿಲ ಸಂದಿಗೆ ಟವೆಲ್ ತುರುಕುತ್ತಿದ್ದರೇನೋ! ಅವರು ಊದು ಹಚ್ಚಿದ ದಿನ ನಮಗೆ ಅವರ ಶ್ರೀಮಂತಿಕೆ ಗೊತ್ತಾಗುತ್ತಿತ್ತು, ಮಹ್ಯಾವಾ ಬಂದ ದಿನ ಅವರ ಅಡುಗೆಮನೆ ಗೊತ್ತಾಯಿತು. ಆ ಅಮ್ಮನ ಬಾಲ್ಕನಿಯ ಕುಂಡದಲ್ಲಿ ಇರುವ ಮಶ್ಮೂಮ್ ನಮ್ಮ ಕಾಮಕಸ್ತೂರಿಯ ಜಾತಿಯದೇ. ಇಲ್ಲಿಯ ಹೆಂಗಸರು ಹಿಂದೆ ಅದನ್ನು ಜಡೆಗೆ ಮುಡಿಯುತ್ತಿದ್ದರು. ಈಗ ನನ್ನ ಹೆಂಡತಿ ಆ ಕಡೆ ಹೋದಾಗಲೆಲ್ಲ ಒಂದೆರಡು ಕುಡಿ ಚಿವುಟಿಕೊಂಡು ಬರುತ್ತಾಳೆ.

ನಾತವಿದ್ದಲ್ಲೇ ನಿಜ ಎಂಬ ಮಾತು ಯಕ್ಷಗಾನಕ್ಕೂ ಹೊಂದುತ್ತದೆ. ಇಲ್ಲಿಯ ಕನ್ನಡ ಸಂಘದವರು ಅದನ್ನು ಆಡುತ್ತಾರೆ. ಸಭೆಯಲ್ಲಿ ಕೂತವರಿಗೆ ಹಗಲಿನಂಥ ಬೆಳಕು, ಒಳ್ಳೆಯ ಮೈಕು, ತಂಪು ಎಸಿ. ಎಲ್ಲ ಸರಿಯಾಗಿರುತ್ತದೆ, ಸ್ವಲ್ಪ ಹೆಚ್ಚೇ ಸರಿಯಾಗಿರುತ್ತದೆ. ನಾನು ಏನಾದರೂ ನೆಪ ಹೇಳಿ ವೇಷ ಕಟ್ಟುವ ಚೌಕಿಗೆ ಹೋಗುತ್ತೇನೆ. ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ, ಹಳೆ ವೇಷಭೂಷಣದಲ್ಲಿ ತಂಗಿದ ಬೆವರು, ಎಷ್ಟು ಒಗೆದರೂ ಪೂರ್ತಿ ಹೋಗದ ಜಾಕೀಟಿನ ಕಮಟು. ಬಣ್ಣದ ವೇಷದವರು ಆಫೀಸಿನ ಅಕೌಂಟೆಂಟ್ ಎಂದು ಗೊತ್ತಿದ್ದೂ ಮೂಗು ಒಪ್ಪುವುದಿಲ್ಲ. ಹೊರಗೆ ರಂಗದಲ್ಲಿ ಮಹಿಷಾಸುರ ಎಷ್ಟೇ ಅಬ್ಬರಿಸಲಿ, ಅವನು ನಿಜವಾದದ್ದು ಚೌಕಿಯಲ್ಲಿ.

ಹೊರಡುವ ಮುನ್ನ ಅಳಿಯ ತನ್ನ ಪ್ರಾಜೆಕ್ಟಿಗೆ 'ಬಹರೈನ್' ಎಂಬ ಒಂದು ದೃಶ್ಯ ಸೇರಿಸಬೇಕೆಂದು ಪಟ್ಟಿ ಮಾಡಲು ಕೂತ. ಯಂತ್ರದಲ್ಲಿ ಶೀಶೆಗೆ ಜಾಗ ನಾಲ್ಕೇ. ಅವನು ಬರೆದದ್ದು: ಊದು, ಸಮುದ್ರದ ಗಾಳಿ, ಏಲಕ್ಕಿ ಕಾಫಿ, ಖರ್ಜೂರ.

"ಇದು ಏರ್‌ಪೋರ್ಟಿನ ಪೋಸ್ಟರ್ ಆಯ್ತು ಮಾರಾಯ," ಎಂದೆ. "ದಕ್ಷಿಣದ ಗಾಳಿ ಬೀಸಿದಾಗ ಬರುವ ರಿಫೈನರಿಯ ಗಂಧಕ ಹಾಕು. 1932ರಲ್ಲಿ ಎಣ್ಣೆ ಸಿಕ್ಕಿರದಿದ್ದರೆ ನಾವ್ಯಾರೂ ಇಲ್ಲಿ ಇರುತ್ತಲೇ ಇರಲಿಲ್ಲ."

ಕೊಳೆತ ಮೊಟ್ಟೆಯ ಆ ಅನಿಲವನ್ನು ಪ್ರಯೋಗಾಲಯದಲ್ಲಿ ಬಿಡುವಂತಿಲ್ಲವಂತೆ. ಅದು ವಿಷ. ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ಹೋಯಿತು ಅನ್ನಿಸುತ್ತದೆ, ಅಪಾಯವಿರುವುದು ಆಗಲೇ. ತಾನಾಗಿ ಹೊರಟುಹೋಗುವ ಒಂದೇ ಒಂದು ವಾಸನೆ ಸಿಕ್ಕಿತು ಎಂದರೆ ಅದೂ ಹೀಗೆ.

ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. "ಜುಲೈಯಲ್ಲಿ ಊರಿಗೆ ಹೋಗಿ ಆಗಸ್ಟ್ ಕೊನೆಗೆ ಬಂದು ಬಾಗಿಲು ತೆಗೀತೇವಲ್ಲ, ಆಗ ಬರ್ತದಲ್ಲ ಒಂದು ವಾಸನೆ, ಅದನ್ನು ಹಾಕು. ಬಹರೈನಿಗೆ ಬಂದು ಮುಟ್ಟಿದೆವು ಅಂತ ನನಗೆ ಗೊತ್ತಾಗುವುದೇ ಅದರಿಂದ."

"ಅದರಲ್ಲಿ ಏನೇನಿರ್ತದೆ ಅತ್ತೆ? ಶೀಶೆಗೆ ತುಂಬಬೇಕಲ್ಲ."

"ಎಸಿ ಆಫ್ ಮಾಡಿದ ಕಾರ್ಪೆಟ್ಟು, ಒಣಗಿದ ಬಚ್ಚಲ ಮೋರಿ, ಎಷ್ಟು ನೋಡಿದ್ರೂ ಫ್ರಿಜ್ಜಲ್ಲಿ ಮರೆತು ಹೋಗುವ ಒಂದು ಅರ್ಧ ನಿಂಬೆಹಣ್ಣು. ತುಂಬುವುದು ಯಾಕೆ? ಮನೆಗೆ ಬೀಗ ಹಾಕಿ ಹೋಗು, ತಾನೇ ತಯಾರಾಗ್ತದೆ."

ಅವನು ಗಂಭೀರವಾಗಿ ಬರೆದುಕೊಂಡು, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಅದನ್ನು ಐದು ಸೆಕೆಂಡಿನಲ್ಲಿ ಹೇಗೆ ಹೊರಗೆ ಹಾಕುವುದು ಎಂದು ಕೇಳಿದ.

"ಐದು ಸೆಕೆಂಡಾ?" ಎಂದಳು ಅವಳು. "ಕಿಟಕಿ ಎಲ್ಲ ತೆಗೆದಿಟ್ಟು ಎರಡು ದಿನ ಫ್ಯಾನ್ ಹಾಕಿಡು. ನಿನ್ನ ಪರೀಕ್ಷೆಗೆ ಬಂದವರು ಅಷ್ಟು ದಿನ ಇಲ್ಲೇ ಉಳೀಲಿ, ಊಟ ನಾನು ಹಾಕ್ತೇನೆ."